‘ಲೆಸ್ಟ್’ ಇರುವ ವಾಕ್ಯದಲ್ಲಿ ‘ನಾಟ್’ ಏಕೆ ಬರಬಾರದು?

ಪ್ರಶ್ನೆ:
ಬ್ಯಾಂಕ್ ಪರೀಕ್ಷೆಯ ಅಭ್ಯಾಸಪತ್ರಿಕೆಯೊಂದರಲ್ಲಿ ‘ವಾಕ್ ಕೇರ್‌ಫುಲಿ ಲೆಸ್ಟ್ ಯು ಶುಡ್ ನಾಟ್ ಫಾಲ್’ ಎಂಬ ವಾಕ್ಯ ಕೊಟ್ಟು, ತಪ್ಪನ್ನು ಗುರುತಿಸಲು ಕೇಳಿದ್ದರು. ನನಗೆ ತಪ್ಪೇ ಕಾಣಲಿಲ್ಲ. ‘ನಾಟ್’ ಇರಕೂಡದು ಎಂದು ಕೀ ಉತ್ತರದಲ್ಲಿದೆ. ಬೀಳಬಾರದು ಎಂಬುದೇ ಆಶಯವಾಗಿರುವಾಗ ‘ನಾಟ್’ ಇಲ್ಲದೆ ಆ ಅರ್ಥ ಬರುವುದಾದರೂ ಹೇಗೆ? ಇದೂ ‘ಅನ್‌ಲೆಸ್’ ಕೂಡ ಒಂದೇ ಬಗೆಯ ಪದಗಳೇ?

ಉತ್ತರ 1:
ನಿಷೇಧ ‘ಲೆಸ್ಟ್’ ಪದದೊಳಗೇ ಅಡಗಿದೆ. ಅದರ ಮೇಲೆ ‘ನಾಟ್’ ಸೇರಿಸಿದರೆ ‘ಬೀಳದೆ ಇದ್ದುಬಿಟ್ಟೀಯ, ಜೋಕೆ’ ಎಂದು ಎಚ್ಚರಿಸಿದಂತಾಗುತ್ತದೆ. ಕನ್ನಡದಲ್ಲಿಯೂ ಇಂಥದ್ದೊಂದು ಇದೆ: ಮೆಟ್ಟಿಲು ಹತ್ತುವ ಮಗುವಿಗೆ ಅಜ್ಜಿ ‘ಹುಷಾರು, ಬಿದ್ದೀಯ!’ ಎನ್ನುವಾಗ ಆ ಕ್ರಿಯಾಪದದಲ್ಲಿ ಎಲ್ಲಿಯೂ ‘ಬೇಡ’ ಎಂಬುದಿಲ್ಲ; ಶಾಲೆಯಲ್ಲಿ ಸಂಭಾವನಾರ್ಥಕವೆಂದು ಕಲಿತ ರೂಪವದು, ಆದರೂ ಬೀಳಬೇಡ ಎಂಬುದು ಮಗುವಿಗೆ ತಿಳಿಯುತ್ತದೆ.

‘ಅನ್‌ಲೆಸ್’ ಷರತ್ತನ್ನು ಹೇಳುತ್ತದೆ, ‘ನೀನು ಬಂದ ಹೊರತು ನಾನು ಹೋಗುವುದಿಲ್ಲ’ ಎಂಬಂತೆ. ‘ಲೆಸ್ಟ್’ನಲ್ಲಿ ಷರತ್ತಿಲ್ಲ, ಆಗಬಾರದ್ದೊಂದು ಆಗದಿರಲೆಂಬ ಮುಂಜಾಗ್ರತೆಯಿದೆ. ಮೂಲದಲ್ಲಿ ಮಾತ್ರ ಇವೆರಡೂ ನೆಂಟರು. ಕಡಿಮೆ ಎಂಬರ್ಥದ ‘ಲೆಸ್’ ಎರಡರಲ್ಲಿಯೂ ಇದೆ. ಹಳೆಯ ಇಂಗ್ಲಿಷಿನ ಮೂರು ಪದಗಳ ನುಡಿಗಟ್ಟೊಂದು ಸವೆದು ‘ಲೆಸ್ಟ್’ ಆಯಿತು. ಕೊನೆಯ ‘ಟ್’ ಅದರ ಮೂರನೆಯ ಪದದ ಉಳಿಕೆ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ‘ಲೆಸ್ಟ್’ ಬಂದಲ್ಲೆಲ್ಲ ‘ಶುಡ್’ ಬರಲೇಬೇಕೆಂದು ನಮ್ಮ ಗೈಡ್‌ಗಳು ಕಲಿಸುವುದು ಅರ್ಧಸತ್ಯ. ‘ಲೆಸ್ಟ್ ಹಿ ಫಾಲ್’ ಎಂಬ ಬರಿಯ ಕ್ರಿಯಾರೂಪವೂ ಶುದ್ಧವೇ, ಅಮೆರಿಕದಲ್ಲಿ ಅದೇ ಹೆಚ್ಚು. 1897ರ ಕಿಪ್ಲಿಂಗ್ ಕವಿತೆಯ ಪಲ್ಲವಿಯಾಗಿದ್ದು, ಬಳಿಕ ಯುದ್ಧಸ್ಮಾರಕಗಳ ಮೇಲೆ ಕೆತ್ತಲಾದ ‘ಲೆಸ್ಟ್ ವಿ ಫರ್ಗೆಟ್’ನಲ್ಲಿ ‘ಶುಡ್’ ಎಲ್ಲಿದೆ? ಪರೀಕ್ಷೆಯಲ್ಲಿ ಮಾತ್ರ ‘ಶುಡ್’ ಇರುವ ಆಯ್ಕೆಯನ್ನೇ ಗುರುತಿಸಿ, ಅಂಕ ಮುಖ್ಯ.

ಇನ್ನೊಂದು ತೊಡಕಿದೆ. ಹೆದರಿಕೆಯನ್ನು ಹೇಳುವ ಕ್ರಿಯಾಪದದ ನಂತರ ಬಂದಾಗ ‘ಲೆಸ್ಟ್’ಗೆ ನಿಷೇಧಾರ್ಥವೇ ಉಳಿಯುವುದಿಲ್ಲ. ‘ಐ ಫಿಯರ್ಡ್ ಲೆಸ್ಟ್ ಹಿ ಶುಡ್ ಡೈ’ ಎಂದರೆ ‘ಅವನೆಲ್ಲಿ ಸತ್ತುಹೋಗುತ್ತಾನೋ ಎಂದು ಹೆದರಿದೆ’ ಎಂದಷ್ಟೇ. ಇಲ್ಲಿ ‘ಸಾಯದಂತೆ’ ಎಂದು ಅನುವಾದಿಸಿದರೆ ವಾಕ್ಯವೇ ಕೆಡುತ್ತದೆ. ಅಂದಹಾಗೆ, ಈ ಪದ ಬರವಣಿಗೆಗೆ ಸೇರಿದ್ದು, ದಿನನಿತ್ಯದ ಇಂಗ್ಲಿಷ್ ಮಾತಿನಲ್ಲಿ ಅಪರೂಪ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ಐ ರೋಟ್ ಇಟ್ ಡೌನ್ ಲೆಸ್ಟ್ ಐ ಫರ್ಗೆಟ್’ ಸರಿಯೇ? ಬರೆದದ್ದು ಭೂತಕಾಲವಾದ್ದರಿಂದ ‘ಫರ್ಗಾಟ್’ ಆಗಬೇಕಲ್ಲವೇ?

ಉತ್ತರ 1 ಬರೆದವರು:
ಬೇಡ, ನೀವು ಬರೆದದ್ದೇ ಸರಿ. ಆ ರೂಪ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ‘ಮರೆತೇನೆಂದು ಬರೆದಿಟ್ಟುಕೊಂಡೆ’ ಎಂಬಲ್ಲಿ, ಬರೆದದ್ದು ನಿನ್ನೆಯಾದರೂ, ‘ಮರೆತೇನು’ ಹಾಗೆಯೇ ಉಳಿದಿರುವುದನ್ನು ಗಮನಿಸಿ.