ರಚನೆಯ ಉಷ್ಣದ ಲೆಕ್ಕ: ಕೆಮಿಸ್ಟ್ರಿ ಲೆಕ್ಚರರ್ ಗುಂಪಿನಲ್ಲಿ ಉತ್ತರಿಸುತ್ತಾರೆ

ಪ್ರಶ್ನೆ: ಮೇಡಂ, ಸಮೀಕರಣ ತಿರುಗಿಸಿದರೆ ಉಷ್ಣದ ಚಿಹ್ನೆ ಬದಲಾಗುತ್ತದಾ?

ಲೆಕ್ಚರರ್: ಬದಲಾಗುತ್ತದೆ. ಸಮೀಕರಣವನ್ನು ಎರಡರಿಂದ ಗುಣಿಸಿದರೆ ಉಷ್ಣವನ್ನೂ ಗುಣಿಸಿ.

ಪ್ರಶ್ನೆ: ಮೀಥೇನ್ ರಚನೆಯ ಉಷ್ಣ, ಅಂದರೆ ಕಾರ್ಬನ್ ಮತ್ತು ಹೈಡ್ರೋಜನ್‌ನಿಂದ ಒಂದು ಮೋಲ್ (ನಿಗದಿತ ಸಂಖ್ಯೆಯ ಅಣುಗಳಷ್ಟು) ಮೀಥೇನ್ ಆಗುವಾಗಿನ ಉಷ್ಣ, ನನಗೆ +13.2 ಕಿಲೋಜೌಲ್ ಬರುತ್ತಿದೆ. ಪುಸ್ತಕದಲ್ಲಿ −74.8. ದಹನಕ್ಕೆ ಕಾರ್ಬನ್ −393.5, ಹೈಡ್ರೋಜನ್ −241.8, ಮೀಥೇನ್ −890.3 ತೆಗೆದುಕೊಂಡೆ. ಕೂಡಿ ಕಳೆದು ಸಾಕಾಯಿತು.

ಲೆಕ್ಚರರ್: ಅಂಕಿಗಳನ್ನೂ ಕೊಟ್ಟಿದ್ದು ಒಳ್ಳೆಯದಾಯಿತು. ಕೂಡಿ ಕಳೆದಿದ್ದು ಸರಿಯಾಗಿಯೇ ಇದೆ, ತಪ್ಪಿರುವುದು ನೀರಿನಲ್ಲಿ. −241.8 ನೀರಾವಿ ಬಂದಾಗಿನ ಸಂಖ್ಯೆ. −890.3 ದ್ರವ ನೀರು ಬಂದಾಗಿನದು. ಆವಿಯೂ ದ್ರವವೂ ಎದುರುಬದುರು ಬಂದರೆ ಹೊಡೆದುಹಾಕುವ ಹಾಗಿಲ್ಲ. ಆವಿ ದ್ರವವಾಗುವಾಗ ಮೋಲಿಗೆ 44 ಹೊರಬರುತ್ತದೆ, ಎರಡು ಮೋಲಿಗೆ 88. ನಿಮ್ಮ 13.2ರಿಂದ ಅದನ್ನು ಕಳೆದು ನೋಡಿ, −74.8! ದ್ರವ ನೀರಿನ −285.8 ಹಾಕಿದರೆ ನೇರವಾಗಿ ಬರುತ್ತದೆ: −393.5, −571.6, ತಿರುಗಿಸಿದ ಮೀಥೇನ್ ಸಮೀಕರಣದ್ದು +890.3. ಚಿಹ್ನೆಯೇ ಉಲ್ಟಾ ಆಗುವಷ್ಟು ದೊಡ್ಡ ವ್ಯತ್ಯಾಸ ಇದು. ಘನ, ದ್ರವ, ಅನಿಲ ಅಂತ ಪಕ್ಕದಲ್ಲಿ ಬರೆಯದೆ ಒಂದು ಸಾಲೂ ಕೂಡಬೇಡಿ.

ಸದಸ್ಯ: ‘ಯಾವ ಲೆಕ್ಕಕ್ಕೂ ಉತ್ಪನ್ನದಿಂದ ಪ್ರತಿವರ್ತಕ ಕಳೆಯಿರಿ’ ಅಂತ ಫಾರ್ವರ್ಡ್ ಬಂದಿದೆ. ಇಷ್ಟೆಲ್ಲಾ ಬೇಕಾ?

ಲೆಕ್ಚರರ್: ಅದನ್ನು ಹಂಚಬೇಡಿ. ರಚನೆಯ ಉಷ್ಣ ಕೊಟ್ಟಿದ್ದರೆ ಮಾತ್ರ ಅದು ಸರಿ. ದಹನದ ಉಷ್ಣ ಕೊಟ್ಟಾಗ ಪ್ರತಿವರ್ತಕದಿಂದ ಉತ್ಪನ್ನ ಕಳೆಯಬೇಕು. ಫಾರ್ವರ್ಡ್ ನಂಬಿದರೆ ಇದೇ ಮೀಥೇನಿಗೆ +74.8 ಬರುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಸುಮ್ನೆ ಅಂಕ ಕಳೆದುಕೊಳ್ಳುತ್ತಾರೆ.

ಇನ್ನೊಬ್ಬ ಸದಸ್ಯ: ಕಾರ್ಬನ್ ಮಾನಾಕ್ಸೈಡಿನ ರಚನೆಯ ಉಷ್ಣ −221 ಅಂತ ಬರೆದರೆ ಏನು ತಪ್ಪು? ಒಂದು ಮಾನಾಕ್ಸೈಡಿಗೆ ಅರ್ಧ ಆಕ್ಸಿಜನ್ ಅಂತ ಬರೆಯುತ್ತಾರೆ, ಅರ್ಧ ಅಣು ಎಲ್ಲಿರುತ್ತದೆ?

ಸದಸ್ಯೆ: ಅರ್ಧ ಅಣು ಅಲ್ಲ, ಅರ್ಧ ಮೋಲ್. ಒಂದು ಮೋಲ್ ಉತ್ಪನ್ನಕ್ಕೆ ಲೆಕ್ಕ, −110.5.

ಇನ್ನೊಬ್ಬ ಸದಸ್ಯ: ಸಮೀಕರಣ ಸರಿದೂಗಿಸುವಾಗ ಪೂರ್ಣಸಂಖ್ಯೆಯೇ ಇರಬೇಕು.

ಸದಸ್ಯೆ: ವ್ಯಾಖ್ಯೆ ಓದಿಕೊಂಡು ವಾದಕ್ಕೆ ಬನ್ನಿ.

ಇನ್ನೊಬ್ಬ ಸದಸ್ಯ: ನಿಮ್ಮನ್ನು ಕೇಳಿದವರು ಯಾರು?

ಲೆಕ್ಚರರ್: ಸಾಕು ಇಬ್ಬರೂ. −221 ಎರಡು ಮೋಲಿನದು. ಕಾರ್ಬನ್ ಉರಿಸಿ ಬರೀ ಮಾನಾಕ್ಸೈಡ್ ಪಡೆಯೋಕೆ ಆಗಲ್ಲ, ಡೈಆಕ್ಸೈಡ್ ಬೆರೆತೇ ಬರುತ್ತದೆ. ಅದಕ್ಕೇ −393.5ರಿಂದ ಮಾನಾಕ್ಸೈಡ್ ದಹನದ −283.0 ಕಳೆಯುತ್ತೇವೆ. ಯಾವ ದಾರಿಯಲ್ಲಿ ಹೋದರೂ ಒಟ್ಟು ಉಷ್ಣ ಒಂದೇ ಎಂದು 1840ರಲ್ಲಿ ಹೆಸ್ ಕೊಟ್ಟ ನಿಯಮದ ಬೆಲೆ ಇಂಥ ಕಡೆಯೇ ಗೊತ್ತಾಗುವುದು.

ಪ್ರಶ್ನೆ: ತಿರುಗಿಸಿದರೆ ಮೈನಸ್ ಪ್ಲಸ್ ಆಗುತ್ತಾ?

ಲೆಕ್ಚರರ್: ಮೊದಲ ಉತ್ತರ ನೋಡಿ.

ಪ್ರಶ್ನೆ: ಮೀಥೇನ್ ಸರಿಬಂತು ಮೇಡಂ. ಬೆಂಜೀನ್ ದಹನಕ್ಕೆ −3267.6 ಹಾಕಿದರೆ +49.2. ಮತ್ತೆ ನೀರು ತಪ್ಪಿತಾ?

ಲೆಕ್ಚರರ್: ಇಲ್ಲ, ಸರಿಯಾಗಿದೆ. ದ್ರವ ಬೆಂಜೀನಿನ ರಚನೆಯ ಉಷ್ಣ ಧನವೇ.