ಪೈಥಾನ್‌ನಿಂದ ಕ್ರೋಮ್‌ಗೆ ವೆಬ್‌ಸಾಕೆಟ್: 403 ಬರುತ್ತಿದೆ

ಪ್ರಶ್ನೆ (ಕೋಲಾರದಿಂದ):
ನಮ್ಮಪ್ಪ ಟೊಮೆಟೊ ಬೆಳೆಯುತ್ತಾರೆ. ಎಪಿಎಂಸಿಗೆ ಬಾಕ್ಸ್ ಕಳಿಸುವ ಮೊದಲೇ ಆವತ್ತಿನ ರೇಟು ಅವರ ಫೋನಿಗೆ ಹೋಗಬೇಕು, ಅದು ನನ್ನ ಆಸೆ. ರೇಟಿನ ಪುಟ ಜಾವಾಸ್ಕ್ರಿಪ್ಟ್‌ನಿಂದ ತುಂಬಿಕೊಳ್ಳುತ್ತದೆ. ಸುಮ್ನೆ ಡೌನ್‌ಲೋಡ್ ಮಾಡಿದರೆ ಖಾಲಿ ಟೇಬಲ್. ಅದಕ್ಕೇ ಕ್ರೋಮನ್ನೇ ಕೋಡ್‌ನಿಂದ ನಡೆಸುತ್ತಿದ್ದೇನೆ. ರಿಮೋಟ್ ಡೀಬಗ್ಗಿಂಗ್ ಪೋರ್ಟ್ (ಹೊರಗಿನ ಕೋಡ್ ಕ್ರೋಮನ್ನು ನಡೆಸಲು ತೆರೆಯುವ ದಾರಿ) 9222. ಲೋಕಲ್‌ಹೋಸ್ಟ್‌ನಲ್ಲಿ (ಅಂದರೆ ಇದೇ ಕಂಪ್ಯೂಟರಿನಲ್ಲಿ) ಟ್ಯಾಬ್‌ಗಳ ಪಟ್ಟಿ, ವೆಬ್‌ಸಾಕೆಟ್ (ಎರಡೂ ಕಡೆಯಿಂದ ಸಂದೇಶ ಕಳಿಸಬಹುದಾದ, ತೆರೆದೇ ಇರುವ ಕನೆಕ್ಷನ್) ವಿಳಾಸ ಎರಡೂ ಸಿಗುತ್ತವೆ. ಕನೆಕ್ಟ್ ಮಾಡಿದ ಕೂಡಲೇ 403, ಅಂದರೆ ಅನುಮತಿ ಇಲ್ಲ ಅನ್ನುವ ಎರರ್. ಯಾಕೆ?

ಉತ್ತರ:
ಕ್ರೋಮ್ 111ರಿಂದ ಹೀಗೇ. ಒರಿಜಿನ್ ಹೆಡರ್ (ಯಾವ ಸೈಟಿನಿಂದ ಬಂದದ್ದು ಎಂದು ಹೇಳುವ ಸಾಲು) ಇರುವ ಕನೆಕ್ಷನ್‌ಗೆ ಅನುಮತಿ ಕೊಟ್ಟಿರದಿದ್ದರೆ ಒಳಗೆ ಬಿಡುವುದಿಲ್ಲ. ಪೈಥಾನ್‌ನ ವೆಬ್‌ಸಾಕೆಟ್-ಕ್ಲೈಂಟ್ ಲೈಬ್ರರಿ ಆ ಹೆಡರನ್ನು ತಾನಾಗೇ ಕಳಿಸುತ್ತದೆ. ಸಪ್ರೆಸ್ ಒರಿಜಿನ್ ಆಯ್ಕೆಯನ್ನು ಟ್ರೂ ಮಾಡಿ, ಸಾಕು. ಕ್ರೋಮ್ ಶುರು ಮಾಡುವಾಗ ಕೊಡುವ ರಿಮೋಟ್ ಅಲೋ ಒರಿಜಿನ್ಸ್ ಆಯ್ಕೆಗೆ ನಕ್ಷತ್ರ (*) ಹಾಕಿ ಅಂತ ಜಾಸ್ತಿ ಜನ ಹೇಳುತ್ತಾರೆ. ದಯವಿಟ್ಟು ಬೇಡ. ಆಗ ಯಾವ ಸೈಟಿನ ಕನೆಕ್ಷನ್ ಬಂದರೂ ಒಪ್ಪಿಕೊಳ್ಳುತ್ತದೆ.

ಇನ್ನೊಬ್ಬರು:
ಇದನ್ನು ಓದುವ ಬೇರೆಯವರಿಗೆ: ಕ್ರೋಮ್ 136ರಿಂದ ಮಾಮೂಲಿ ಪ್ರೊಫೈಲ್‌ನಲ್ಲಿ ಈ ಪೋರ್ಟ್ ತೆರೆಯುವುದೇ ಇಲ್ಲ. ಯೂಸರ್ ಡೇಟಾ ಡಿರ್ ಅಂತ ಬೇರೆ ಫೋಲ್ಡರ್ ಕೊಡಲೇಬೇಕು. ನಿಮ್ಮ ಲಾಗಿನ್ ಕುಕೀಗಳನ್ನು ಯಾರೂ ಕದಿಯದಿರಲಿ ಅಂತ ಮಾಡಿದ್ದು, ಒಳ್ಳೆಯದೇ ಅಲ್ವಾ?

ಪ್ರಶ್ನೆ ಕೇಳಿದವರು:
ಕನೆಕ್ಟ್ ಆಯ್ತು, ತುಂಬಾ ಥ್ಯಾಂಕ್ಸ್! ಆದರೆ ಪೇಜ್ ನ್ಯಾವಿಗೇಟ್ (ಪುಟ ತೆರೆ ಅನ್ನುವ ಆದೇಶ) ಕಳಿಸಿ, ಉತ್ತರ ಬಂದಮೇಲೆ ರನ್‌ಟೈಮ್ ಇವ್ಯಾಲ್ಯುಯೇಟ್ (ಪುಟದೊಳಗೆ ಜಾವಾಸ್ಕ್ರಿಪ್ಟ್ ನಡೆಸುವ ಆದೇಶ) ಮಾಡಿದರೂ ಟೇಬಲ್ ಖಾಲಿ.

ಉತ್ತರ:
ಆ ಉತ್ತರ ಬಂತು ಅಂದರೆ ಪುಟ ತುಂಬಿತು ಅಂತಲ್ಲ. ಲೋಡ್ ಈವೆಂಟ್ ಬಂದಮೇಲೂ ರೇಟು ತಡವಾಗಿ ಬರಬಹುದು. ಟೇಬಲ್‌ನಲ್ಲಿ ಸಾಲು ಕಾಣುವವರೆಗೆ ಅರ್ಧರ್ಧ ಸೆಕೆಂಡಿಗೆ ಇವ್ಯಾಲ್ಯುಯೇಟ್ ಕಳಿಸುತ್ತಿರಿ. ಪ್ರತಿ ಸಲ ಹೊಸ ಐಡಿ ಕೊಡಿ, ಅದೇ ಐಡಿ ಇರುವ ಉತ್ತರವನ್ನೇ ಓದಿ. ಮಧ್ಯೆ ಐಡಿ ಇಲ್ಲದೆ ಬರುವವು ಈವೆಂಟ್‌ಗಳು, ಅಂದರೆ ಕ್ರೋಮ್ ತಾನಾಗೇ ಕಳಿಸುವ ಸುದ್ದಿ.