ಟಿಂಬರ್‌ಲೈನ್ ಲಾಡ್ಜ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮೌಂಟ್ ಹುಡ್ ಪರ್ವತದ ಮೇಲಿರುವ ಟಿಂಬರ್‌ಲೈನ್ ಲಾಡ್ಜ್ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು ಲಾಡ್ಜ್. ನಮ್ಮ ದಾವಣಗೆರೆಯಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಬಾಡಿಗೆ ರೂಮು. ಇದು ಬೇರೆಯೇ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಸರ್ಕಾರವೇ ಕೂಲಿ ಕೊಟ್ಟು ಕಟ್ಟಿಸಿದ್ದು, 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು. ಬರಗಾಲದ ಕಾಮಗಾರಿ ಕಂಡ ನಮ್ಮ ಸೀಮೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಳೆಯ ಲೈಟು ಕಂಬಗಳ ತುದಿಯಲ್ಲಿ ಪ್ರಾಣಿಪಕ್ಷಿಗಳನ್ನು ಕೆತ್ತಿ ಮೆಟ್ಟಿಲಿನ ಕಂಬ ಮಾಡಿದ್ದಾರೆ, ಹಳೆಯ ರೈಲು ಹಳಿಯನ್ನು ಬಗ್ಗಿಸಿ ಒಲೆಯಲ್ಲಿ ಕಟ್ಟಿಗೆ ಇಡುವ ಆಸರೆ ಮಾಡಿದ್ದಾರೆ. ಎಂಥ ಕೈಗಳು ಅವು! ಇದನ್ನು ಗಿರಿಧಾಮ ಅನ್ನೋಣವೆಂದರೆ ಅದು ಇಡೀ ಬೆಟ್ಟಕ್ಕೇ ಹೇಳುವ ಮಾತು. ತಂಗುದಾಣ ಅಂದರೆ ಬಸ್ಸಿಗೆ ಕಾಯುವ ಜಾಗ, ಛತ್ರ ಅಂದರೆ ಈಗ ಮದುವೆ. ನನಗೆ 'ಬೆಟ್ಟದ ಬಂಗಲೆ' ಸರಿ ಅನಿಸುತ್ತದೆ. ಪ್ರವಾಸಿ ಬಂಗಲೆ, ಕಾಡಿನ ಬಂಗಲೆ ಅಂತ ನಾವು ಮೊದಲಿಂದ ಹೇಳ್ತಾನೇ ಇದ್ದೇವಲ್ವಾ?

ಟಿಂಬರ್‌ಲೈನ್ ಅಂದರೆ ಚಳಿಗೆ ಮರ ಬೆಳೆಯುವುದು ನಿಂತುಹೋಗುವ ಎತ್ತರ. ಈ ಬಂಗಲೆ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೂ ಅಂಥ ಚಳಿ ಇಲ್ಲ, ಹಾಗಾಗಿ ಪದವೂ ಹುಟ್ಟಲಿಲ್ಲ. 'ಮರದ ಗಡಿ' ಅಂತ ಬರೆದಿದ್ದೇನೆ, ನಡೆಯುತ್ತದಾ?

ಜಾಸ್ತಿ ಕಷ್ಟ ಆಗಿರುವುದು ನಡುವಿನ ಆರು ಮೂಲೆಯ ಹಜಾರ. ಅದರ ಮಧ್ಯೆ ಕಲ್ಲಿನ ಭಾರಿ ಚಿಮಣಿ ಚಾವಣಿ ದಾಟಿ ಮೇಲೆ ಹೋಗಿದೆ, ಬುಡದಲ್ಲಿ ಮೈ ಕಾಯಿಸಿಕೊಳ್ಳುವ ಒಲೆಗಳು. ಚಿಮಣಿ ಅಂದರೆ ನಮ್ಮಲ್ಲಿ ಸೀಮೆಎಣ್ಣೆ ಬುಡ್ಡಿ, ಆದ್ದರಿಂದ 'ಹೊಗೆಗೂಡು' ಹಾಕಿದ್ದೇನೆ. ಒಲೆಗೆ ಅಗ್ಗಿಷ್ಟಿಕೆ ಅನ್ನಲು ಮನಸ್ಸು ಬರುತ್ತಿಲ್ಲ, ನಾನು ಕಂಡ ಅಗ್ಗಿಷ್ಟಿಕೆ ಎತ್ತಿ ಬೇರೆ ಕಡೆ ಇಡುವಂಥದ್ದು. ಗೋಡೆಯೊಳಗೇ ಕಟ್ಟಿದ ಒಲೆಗೆ ಕೊಡಗಿನ ಕಡೆ ಏನನ್ನುತ್ತಾರೆ?

ಚಾವಣಿಗೂ ಅದೇ ಪಾಡು. ನಮ್ಮದು ಮಾಳಿಗೆ ಮನೆಗಳ ಸೀಮೆ, ತೊಲೆ, ಜಂತೆ, ಬೋದಿಗೆ ಎಲ್ಲ ಚಪ್ಪಟೆ ಚಾವಣಿಯ ಪದಗಳು. ಹಿಮ ಜಾರಲಿ ಅಂತ ಕಡಿದಾಗಿ ಇಳಿಸಿದ ಚಾವಣಿಯ ಓರೆ ಮರಗಳಿಗೆ ಮಲೆನಾಡಿನವರು ಹೇಳುವ 'ಪಕಾಸು' ಸಾಕಾ? ಸುಮ್ನೆ ಹೊಸ ಸಂಸ್ಕೃತ ಪದ ಕಟ್ಟುವುದು ಬೇಡ. ಬಡಗಿಗಳ ಬಾಯಲ್ಲಿ ಕೇಳಿದ ಪದ ಇದ್ದರೆ ಅದನ್ನೇ, ಯಾವ ಊರಿನದು ಅನ್ನುವುದನ್ನೂ ಸೇರಿಸಿ ತಿಳಿಸಿ.